ಇಪ್ಪತ್ತಕ್ಕೆ ಹತ್ತೊಂಬತ್ತು

ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ

ನನ್ನ ಮಗಳ ಕೈಹಿಡಿದ ನಿನಗೆ, ಮಾವನ ಆಶೀರ್ವಾದ.

ಆಶೀರ್ವಾದ ಎಂಬ ಪದವನ್ನು ಅಭ್ಯಾಸಬಲದಿಂದ ಬರೆದುಬಿಟ್ಟೆ, ಹೊಡೆದುಹಾಕುವುದಿಲ್ಲ. ಆದರೆ ಇದರ ಮುಂದೆ ಬರುವ ಯಾವುದೂ ನಿನಗೆ ಹಿತವಾಗಲಾರದು. ಶನಿವಾರ ನಿನ್ನ ಕಂಪನಿಯ ಹೊಸ ಸಂಗೀತ ಸರ್ವರ್‌ನ ಬಿಡುಗಡೆ ಸಮಾರಂಭದಿಂದ ನಾನು ಹೇಳದೆ ಕೇಳದೆ ಎದ್ದು ಬಂದೆ. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. “ಬಿ.ಪಿ. ಏನಾದ್ರೂ ಏರಿತಾ ಮಾವ?” ಎಂದು ಸಂದೇಶ ಕಳಿಸಿದೆ. ಏರಿದ್ದು ಬಿ.ಪಿ. ಅಲ್ಲ, ವಾಕರಿಕೆ.

ಅಲ್ಲಿ ಕಂಡದ್ದನ್ನು ಮೊದಲು ದಾಖಲಿಸುತ್ತೇನೆ, ಏಕೆಂದರೆ ನೀನು ವೇದಿಕೆಯ ಮೇಲಿದ್ದೆ, ಸಭೆ ನಿನಗೆ ಕಂಡಿರಲಾರದು. ಕಪ್ಪು ಮಖಮಲ್ಲಿನ ಪೀಠ. ಅದರ ಮೇಲೆ ಒಂದೇ ಗಟ್ಟಿ ಅಲ್ಯೂಮಿನಿಯಂನಿಂದ ಕೊರೆದು ತೆಗೆದ ಪೆಟ್ಟಿಗೆ. ಹತ್ತು ಸಾವಿರ ಧ್ವನಿಮುದ್ರಿಕೆಗಳನ್ನು ಅಂಕಿಗಳ ರೂಪದಲ್ಲಿ ಹೊಟ್ಟೆಯಲ್ಲಿಟ್ಟುಕೊಂಡು, ಬೇಕೆಂದಾಗ ಒಂದೊಂದನ್ನೇ ಆಂಪ್ಲಿಫೈಯರ್‌ಗೆ ಬಡಿಸುವುದಷ್ಟೇ ಅದರ ಕೆಲಸ. ಅದರ ಮುಂದೆ ಸೂಟು ತೊಟ್ಟ ನಲವತ್ತು ಮಂದಿ ಕಣ್ಣು ಮುಚ್ಚಿ ಕುಳಿತಿದ್ದರು. ಬಿಳಿ ಗಡ್ಡದ ವಿಮರ್ಶಕನೊಬ್ಬ, “ವಾದಕನ ಉಗುರು ಕಾಣಿಸ್ತಿದೆ ಸ್ವಾಮಿ, ಉಗುರು!” ಎಂದು ತೊಡೆ ತಟ್ಟಿಕೊಂಡ. ನನ್ನ ಪಕ್ಕದ ದಂತವೈದ್ಯರು ಕಿವಿಯ ಬಳಿ ಬಾಗಿ, “ಹಲ್ಲು ಕೊರೆದೂ ಕೊರೆದೂ ನಂಗೆ ಅರ್ಧ ಕಿವಿ ಕೇಳಲ್ಲ ಸಾರ್. ಆದ್ರೂ ನೋಡಿ, ವ್ಯತ್ಯಾಸ ಗೊತ್ತಾಗ್ತಿದೆ!” ಎಂದರು. ಯಂತ್ರವನ್ನು ಕೊಂಡವರು ಮುನ್ನೂರು ಗಂಟೆ ಬಿಡದೆ ನುಡಿಸಿದ ಮೇಲಷ್ಟೇ ಅದರ ನಾದ ಪಕ್ವವಾಗುತ್ತದೆಂದು ನಿನ್ನ ಪ್ರಚಾರ ವಿಭಾಗದಾಕೆ ಹೇಳಿದಳು. ಏಕೆಂದು ಕೇಳಿದೆ. “ಮಷೀನಿಗೂ ಮನಸ್ಸು ಹಗುರ ಆಗ್ಬೇಕಲ್ವಾ ಅಂಕಲ್?” ಎಂದಳು. ನನ್ನ ಮಗಳು ಬದುಕಿದ್ದರೆ ಆ ಮಾತಿಗೆ ಒಂದು ವಾರ ನಗುತ್ತಿದ್ದಳು.

ಇಷ್ಟನ್ನು ಸಹಿಸಿಕೊಂಡೆ. ಮಾರುವವನು ಹೊಗಳುತ್ತಾನೆ, ಕೊಳ್ಳುವವನು ತಲೆದೂಗುತ್ತಾನೆ. ಆದರೆ ನೀನು ಹಿಂದಿನ ಗೋಡೆಯ ತೆರೆಯನ್ನು ಸರಿಸಿದೆ. ಆಳೆತ್ತರದ ಕಿವಿ. ಮುಖವಿಲ್ಲ, ಕಣ್ಣಿಲ್ಲ, ಛಾಯಾಚಿತ್ರದಿಂದ ಕತ್ತರಿಸಿ ತೆಗೆದ ನನ್ನ ಮಗಳ ಎಡಗಿವಿ. ಹಾಲೆಯ ಅಂಚಿನಲ್ಲಿ ಎರಡನೆಯ ತೂತು ಸ್ಪಷ್ಟವಾಗಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಗೆಳತಿಯೊಂದಿಗೆ ಪಂತ ಕಟ್ಟಿ ಕೈವಾರದ ಮೊನೆಯಿಂದ ತಾನೇ ಚುಚ್ಚಿಕೊಂಡದ್ದು ಅದು. ಕೀವಾಯಿತು. ಹದಿನೈದು ದಿನ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ನಾನೇ ತೊಳೆದೆ, ತೊಳೆಯುವಷ್ಟು ಹೊತ್ತೂ ಬೈದೆ. ಶನಿವಾರ ಆ ತೂತಿನ ಕೆಳಗೆ ಒಬ್ಬಾಕೆ ಕೈಯಲ್ಲಿ ಗ್ಲಾಸು ಹಿಡಿದು ಫೋಟೋ ತೆಗೆಸಿಕೊಂಡಳು. ಕಿವಿಯ ಪಕ್ಕದಲ್ಲಿ ನಿನ್ನ ಘೋಷಣೆ: “ಇಪ್ಪತ್ತಕ್ಕೆ ಹತ್ತೊಂಬತ್ತು. ಈ ಕಿವಿ ಸುಳ್ಳು ಹೇಳುವುದಿಲ್ಲ.”

ಮನೆಯಲ್ಲಿ ನಾವು ಅವಳನ್ನು ಕಿವಿಯಮ್ಮ ಎಂದೇ ಕರೆಯುತ್ತಿದ್ದೆವು. ಮಹಡಿಯ ಮೇಲೆ ನಲ್ಲಿ ತೊಟ್ಟಿಕ್ಕಿದರೆ ಕೆಳಗೆ ಮಲಗಿದ್ದವಳು ಎದ್ದು ಕೂರುತ್ತಿದ್ದಳು. ಅವಳು ತೀರಿಕೊಂಡು ಏಳು ತಿಂಗಳು. ಅವಳನ್ನು ಒಂದು ಅವಯವಕ್ಕೆ ಇಳಿಸಿ ಗೋಡೆಗೆ ಅಂಟಿಸಲು ನಿನಗೆ ಇಷ್ಟೇ ಕಾಲ ಸಾಕಾಯಿತು.

ನನ್ನ ಬೇಡಿಕೆ ಎರಡು. ಕಿವಿಯ ಚಿತ್ರವನ್ನು ಇಳಿಸು. ಪ್ರತಿ ಯಂತ್ರದ ಹಿತ್ತಾಳೆ ಫಲಕದಿಂದ, ಕೈಪಿಡಿಯಿಂದ, ಜಾಹೀರಾತಿನಿಂದ ಹತ್ತೊಂಬತ್ತು ಎಂಬ ಅಂಕಿಯನ್ನು ಅಳಿಸು. ಮೊದಲನೆಯದಕ್ಕೆ ಕಾರಣ ಬೇಕಿಲ್ಲ. ಎರಡನೆಯದಕ್ಕೆ ನೀನು ಒಪ್ಪಲಾರೆ ಎಂದು ಬಲ್ಲೆ, ಆದ್ದರಿಂದ ವಾದಿಸುತ್ತೇನೆ.

ಆ ಅಂಕಿ ಬಂದ ಪರೀಕ್ಷೆ ಹೇಗೆ ನಡೆಯಿತೆಂದು ನಿನಗೆ ಅವಳ ಬಾಯಿಂದ ಗೊತ್ತು. ಆಗ ಅವಳು ಚಿಕಿತ್ಸೆಗಾಗಿ ನನ್ನ ಮನೆಯಲ್ಲಿದ್ದಳು. ಕೋಣೆಗೆ ಅಡ್ಡಲಾಗಿ ಒಂದು ಪರದೆ. ಅದರ ಆಚೆ ನಾನು, ಅವಳ ಹೊಸ ಸರ್ವರ್, ಒಂದು ಮಾಮೂಲಿ ಲ್ಯಾಪ್‌ಟಾಪ್, ಎರಡಕ್ಕೂ ಒಂದೇ ಆಂಪ್ಲಿಫೈಯರ್. ಈಚೆ ಅವಳು, ಸ್ಪೀಕರ್‌ಗಳು, ಒಂದು ಪೆನ್ಸಿಲ್. ನಾನು ನಾಣ್ಯ ಚಿಮ್ಮಿಸಬೇಕು. ತಲೆ ಬಿದ್ದರೆ ಹೊಸದು, ಇಲ್ಲವಾದರೆ ಲ್ಯಾಪ್‌ಟಾಪ್. ಅದೇ ತಂತಿವಾದ್ಯದ ಅದೇ ಒಂದು ನಿಮಿಷ. ಕೇಳುತ್ತಿರುವುದು ಯಾವುದೆಂದು ಅವಳು ಬರೆಯಬೇಕು. ಹೀಗೆ ಇಪ್ಪತ್ತು ಸಲ. ಹತ್ತೊಂಬತ್ತು ಸರಿಯಾದವು.

ಆದರೆ ಒಬ್ಬಳೇ ಶ್ರೋತೃ, ಒಂದೇ ಮಧ್ಯಾಹ್ನ, ಇಪ್ಪತ್ತೇ ಸರದಿ: ಇಷ್ಟರ ಮೇಲೆ ಒಂದು ಸಿದ್ಧಾಂತವನ್ನು ಕಟ್ಟಲಾಗದೆಂದು ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಿಯಾನು. ಅದಕ್ಕಿಂತ ಮುಖ್ಯವಾದದ್ದು, ಪರದೆಯ ಆಚೆ ಇರುವವನಿಗೆ ಫಲಿತಾಂಶದಲ್ಲಿ ಆಸಕ್ತಿ ಇರಬಾರದು. ಕಾಲೇಜಿನಲ್ಲಿ ಒಮ್ಮೆ ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಮೇಲೂ ಪ್ರತಿಭಟಿಸಿ ತೀರ್ಪನ್ನು ರದ್ದುಮಾಡಿಸಿದೆ, ಏಕೆಂದರೆ ತೀರ್ಪುಗಾರರಲ್ಲಿ ಒಬ್ಬರು ನನಗೆ ದೂರದ ಸೋದರಮಾವ. ಹೆತ್ತ ತಂದೆಯನ್ನು ನಡುವೆ ಕೂರಿಸಿ ನಡೆಸಿದ ಪರೀಕ್ಷೆ, ಪರೀಕ್ಷೆಯೇ ಅಲ್ಲ.

ನಿನ್ನ ಮರುಮಾತನ್ನು ಊಹಿಸಬಲ್ಲೆ. “ಅವಳ ಕೆಲಸಕ್ಕೆ ಮರ್ಯಾದೆ ಬೇಡ್ವಾ ಮಾವ?” ಬೇಕು. ವಿದ್ಯುತ್ ಪೂರೈಕೆಯ ಭಾಗವನ್ನು ಮೂರು ವರ್ಷ ಕುಳಿತು ಅವಳೇ ರೂಪಿಸಿದಳೆಂದು ಬರೆ. ನಲವತ್ತು ಬೋರ್ಡುಗಳನ್ನು ಮಾಡಿ ಮೂವತ್ತೊಂಬತ್ತನ್ನು ಬಿಸಾಡಿದಳೆಂದು ಬರೆ. ಬೆಸುಗೆಯ ಕಾವಿಗೆ ಅವಳ ಹೆಬ್ಬೆರಳ ತುದಿ ಗಡುಸಾಗಿ ಹೋಗಿತ್ತೆಂದು ಬರೆ. ಅವೆಲ್ಲ ನಿಜ, ನಾನು ಕಣ್ಣಾರೆ ಕಂಡದ್ದು. ಅಂಕಿಯನ್ನು ಮಾತ್ರ ತೆಗೆ.

ಈಗ ನಾನು ಎದ್ದು ಬಂದ ಗಳಿಗೆಯ ಬಗ್ಗೆ. ನೀನು ಮೈಕ್ ಹಿಡಿದು, “ಆ ಪರದೆ ಹಿಂದೆ ನಾಣ್ಯ ಚಿಮ್ಮಿಸಿದ್ದು ಯಾರು ಗೊತ್ತಾ? ನಮ್ಮ ಮಾವ! ಜೀವನದಲ್ಲಿ ಒಂದು ಸುಳ್ಳು ಹೇಳಿದೋರಲ್ಲ. ನಾನು ಸಕ್ಕರೆ ಜಾಸ್ತಿ ಹಾಕ್ಕೊಂಡ್ರೂ ಸಾಕ್ಷಿ ಕೇಳ್ತಾರೆ! ಏಳಿ ಮಾವ, ಒಂದ್ಸಲ ಎದ್ದು ನಿಲ್ಲಿ” ಎಂದೆ. ಸಭೆ ನಕ್ಕಿತು, ನಂತರ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತೆ. ತಲೆ ಬಾಗಿಸಿದೆ. ದಂತವೈದ್ಯರು ನನ್ನ ಕೈ ಕುಲುಕಿದರು. ಆ ಇಡೀ ಸಂಜೆಯಲ್ಲಿ ನನಗೆ ಅತ್ಯಂತ ಅಸಹ್ಯ ಹುಟ್ಟಿಸಿದ್ದು ನಿನ್ನ ಮಖಮಲ್ಲಲ್ಲ, ವಿಮರ್ಶಕನ ಉಗುರಲ್ಲ, ಗೋಡೆಯ ಕಿವಿಯೂ ಅಲ್ಲ. ಆ ಬಾಗಿದ ತಲೆ. ಹೊರಗೆ ಬಂದು ವಾಹನ ನಿಲ್ದಾಣದ ಕಂಬಕ್ಕೆ ಒರಗಿ ವಾಂತಿ ಮಾಡಿಕೊಂಡೆ.

ಒಂದು ವಾರದೊಳಗೆ ಅಂಕಿ ಹೋಗಬೇಕು. ಹೋಗದಿದ್ದರೆ ಈ ವಾದವನ್ನೇ ನಿನ್ನ ವಿಮರ್ಶಕನಿಗೆ ಬರೆಯುತ್ತೇನೆ. ಆರೋಗ್ಯ ನೋಡಿಕೋ. ಊಟ ಬಿಟ್ಟು ಕೆಲಸ ಮಾಡುವ ಚಾಳಿ ನಿನಗೂ ಇದೆ.

ನಿನ್ನ ಮಾವ

ಮತ್ತೆ: ಪತ್ರ ಮಡಚಿದೆ, ಪುನಃ ಬಿಚ್ಚಿದೆ. ಮೇಲಿನದು ಒಳ್ಳೆಯ ವಾದ, ನಾನೇ ತೀರ್ಪುಗಾರನಾಗಿದ್ದರೆ ಬಹುಮಾನ ಕೊಡುತ್ತಿದ್ದೆ. ಆದರೆ ಅಂಕಿಯನ್ನು ಅಳಿಸಬೇಕಾದದ್ದು ಆ ಕಾರಣಗಳಿಗಲ್ಲ.

ನೀನು ಬಲ್ಲ ಪರೀಕ್ಷೆ ಎರಡನೆಯದು. ಮೊದಲನೆಯದು ಅದಕ್ಕೆ ಎಂಟು ದಿನ ಮುಂಚೆ ನಡೆಯಿತು. ಅವಳು ನಿನಗೆ ಹೇಳಲಿಲ್ಲ, ನನ್ನಿಂದಲೂ ಮಾತು ತೆಗೆದುಕೊಂಡಳು. ಅಂದು ಸರಿಯಾದದ್ದು ಹನ್ನೊಂದು. ಕಣ್ಣು ಮುಚ್ಚಿ ಬರೆದರೂ ಅಷ್ಟು ಬರುತ್ತದೆ. ಯಂತ್ರದಲ್ಲೇ ವ್ಯತ್ಯಾಸವಿಲ್ಲದಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಔಷಧದಿಂದ ಸೂಕ್ಷ್ಮ ಸ್ವರಗಳು ಕೇಳದಾಗಬಹುದೆಂದು ವೈದ್ಯರು ಎಚ್ಚರಿಸಿದ್ದರಲ್ಲ, ಅದನ್ನೇ ಹಿಡಿದಳು. “ಕಿವಿ ಹೋಯ್ತಪ್ಪ” ಎಂದಳು. ಯಂತ್ರಕ್ಕೆ ಹೊದಿಕೆ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಎಂಟು ದಿನ ಮನೆಯಲ್ಲಿ ಹಾಡಿಲ್ಲ.

ಧ್ವನಿಯನ್ನು ಎಳ್ಳಷ್ಟು ಏರಿಸಿದರೆ ಕಿವಿಗೆ ಅದು ಜೋರಾಗಿ ಕೇಳದು, ಹೆಚ್ಚು ಸ್ವಚ್ಛವಾಗಿ ಕೇಳುತ್ತದೆಂದು ಅವಳೇ ನನಗೆ ಕಲಿಸಿದ್ದಳು. ಆ ಕಾರಣಕ್ಕೇ ಆಂಪ್ಲಿಫೈಯರ್‌ನ ಧ್ವನಿ ಏರಿಸುವ ಗುಂಡಿಯ ಪಕ್ಕ ಸೀಮೆಸುಣ್ಣದ ಗೆರೆ ಎಳೆದು, “ಇದನ್ನ ಮಾತ್ರ ಮುಟ್ಬೇಡ ಅಪ್ಪ, ಮುಟ್ಟಿದ್ರೆ ಮೋಸ” ಎಂದಿದ್ದಳು. ಎರಡನೆಯ ಸುತ್ತಿನಲ್ಲಿ ನಾಣ್ಯದ ತಲೆ ಬಿದ್ದಾಗಲೆಲ್ಲ ನಾನು ಅದನ್ನು ಮುಟ್ಟಿದೆ. ಒಂದು ಸಲ ಮರೆತೆ. ನೀನು ಫಲಕದಲ್ಲಿ ಕೊರೆಸದೆ ಬಿಟ್ಟ ಆ ಇಪ್ಪತ್ತನೆಯದು ಅದು.

ಎಣಿಸಿ ಮುಗಿದೊಡನೆ ಅವಳು ಎದ್ದು ಬಂದಳು. ಆ ತಿಂಗಳಲ್ಲಿ ಆಸರೆಯಿಲ್ಲದೆ ನಡೆದದ್ದು ಅದೊಂದೇ ಸಲ. ಪರದೆ ಸರಿಸಿ, “ಹೋಗಿಲ್ಲ ಕಣಪ್ಪ, ಇದೆ, ಇನ್ನೂ ಇದೆ!” ಎಂದು ನನ್ನನ್ನು ಅಪ್ಪಿಕೊಂಡಳು. ಕೊನೆಯ ಸರದಿ ಹೊಸ ಯಂತ್ರದ್ದಾಗಿತ್ತು. ಅವಳ ತಲೆ ನನ್ನ ಭುಜದ ಮೇಲಿದ್ದಾಗಲೇ, ಬೆನ್ನ ಹಿಂದೆ ಕೈಯಾಡಿಸಿ, ಗುಂಡಿಯನ್ನು ಹುಡುಕಿ, ಗೆರೆಗೆ ತಂದು ನಿಲ್ಲಿಸಿದೆ.