ಬಳೆ ಹೆಚ್ಚಿದವು

ಲಿಂಗಂಪಲ್ಲಿ, ಹೈದರಾಬಾದ್
೧೪ ನವೆಂಬರ್ ೨೦೨೪, ಗುರುವಾರ

ಚಿ. ಸೌ. ಸೌಂದರ್ಯಾಳಿಗೆ ಅಪ್ಪಾಜಿಯ ಆಶೀರ್ವಾದ.

ನೀನು, ಅಳಿಯ ದೀಪಕ ಅವರು, ನನ್ನ ಮೊಮ್ಮಗಳು ಚಿನ್ಮಯಿ ಕಲಬುರ್ಗಿಯಲ್ಲಿ ಆರಾಮ ಇದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ವಾಟ್ಸಾಪ್ ತೆರೆದಿಲ್ಲ. ಸಿಟ್ಟಾಗಬೇಡ ಪುಟ್ಟಿ. ಮೈಗೆ ಏನೂ ಆಗಿಲ್ಲ. ಬಿಪಿ ಗುಳಿಗೆ ತಪ್ಪಿಸಿಲ್ಲ. ನಿನ್ನ ದನಿ ಕೇಳಿದರೆ ಸುಳ್ಳು ಹೇಳಿಬಿಡುತ್ತೇನೆಂಬ ಹೆದರಿಕೆಗೆ ಕಾಗದ ಹಿಡಿದಿದ್ದೇನೆ. ನಮ್ಮ ಕಾಲೇಜಿನ ಇಂಗ್ಲಿಷ್ ಮಾಸ್ತರರು ತಡವಾಗಿ ಬಂದವರಿಗೆ 'ಬೆಟರ್ ಲೇಟ್ ದ್ಯಾನ್' ಎಂದು ಏನೋ ಒಂದು ಹೇಳುತ್ತಿದ್ದರು. ಕೊನೆಯ ಶಬ್ದ ಎರಡು ದಿನದಿಂದ ನೆನಪಿಗೆ ಬರುತ್ತಿಲ್ಲ.

ಮೊದಲು ಕೆಲಸದ ಮಾತು ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಉಳಿಯಲಿಕ್ಕಿಲ್ಲ. ಬರುವ ೨೪ರ ರವಿವಾರ ಇಲ್ಲಿನ ಕನ್ನಡ ಸಂಘದ ಹಾಲಿನಲ್ಲಿ ನನ್ನ ಕಾದಂಬರಿಯ ಬಿಡುಗಡೆ. ನೀನು ವೇದಿಕೆಯ ಮೇಲೆ ಏಳನೆಯ ಅಧ್ಯಾಯ ಓದುವುದೆಂದು ನಿಶ್ಚಯವಾಗಿದೆ. ಓದಬೇಡ. ಪುಸ್ತಕದ ಜೊತೆ ಒಂದು ಜೋಡಿ ಗಾಜಿನ ಬಳೆ ಉಚಿತ ಎಂದು ನೀನು ಮಾಡಿದ ರೀಲನ್ನು ತೆಗೆದುಹಾಕು. ಯಾಕೆ ಎಂದು ಕೇಳುತ್ತೀ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತು.

ಪುಸ್ತಕದ ಪೆಟ್ಟಿಗೆಗಳೆಲ್ಲ ಬಂದಿವೆ. ಮುನ್ನೂರು ಪ್ರತಿ. ದಿವಾನದ ಕೆಳಗೆ ಹಿಡಿಸಲಿಲ್ಲ, ಹಾಲಿನಲ್ಲಿ ಗೋಡೆಗೆ ಒಟ್ಟಿದ್ದೇನೆ. ಸೋಮವಾರದಿಂದ ಅವುಗಳ ಮೇಲೆ ಚಾದರ ಹೊದಿಸಿದ್ದೇನೆ. ಆಫೀಸಿನಲ್ಲಿ ನಮ್ಮ ಸ್ಟೋರ್ ಸೆಕ್ಷನ್ನಿನವರು ದಿನಾ ಕಾಡುತ್ತಾರೆ. "ಅಮರೇಶಪ್ಪ ಗಾರೂ, ಮಾಕು ಕನ್ನಡ ರಾದು, ಫೋಟೋ ಬಾಗುಂದಿ, ಸೈನ್ ಚೇಸಿ ಇವ್ವಂಡಿ" ಎಂದು ಮುಂದೆ ನಿಲ್ಲುತ್ತಾರೆ. ಕನ್ನಡ ಬಾರದವರಿಗೂ, ಮುಖಪುಟದ ಫೋಟೋ ಚೆನ್ನಾಗಿದೆಯೆಂದು, ನನ್ನ ಸಹಿ ಬೇಕು. ರಿಟೈರ್ಮೆಂಟಿಗೆ ಎಂಟು ತಿಂಗಳು ಉಳಿದ ಗುಮಾಸ್ತನಿಗೆ ಇದಕ್ಕಿಂತ ಹೆಚ್ಚಿನ ಮೆರವಣಿಗೆ ಏನಿದೆ. ಇಪ್ಪತ್ತೆಂಟು ವರ್ಷ ರಜೆಯ ದಿನ, ಹಬ್ಬದ ದಿನ, ಬಾಗಿಲು ಹಾಕಿಕೊಂಡು ಬರೆದವನು ನಾನು. ಪ್ರಮೋಷನ್ ಪರೀಕ್ಷೆ ಎರಡು ಸಲ ಬಿಟ್ಟೆ. ಪ್ರಕಾಶಕರು ಯಾರೂ ಮುಟ್ಟಲಿಲ್ಲ. ಕಡೆಗೆ ನೀನು, ಕಾಲೇಜಿನ ಪಾಠ, ಮಗು, ಅಡುಗೆ ಎಲ್ಲ ಮುಗಿಸಿ, "ನಾವ ಛಾಪಸೋಣ ಅಪ್ಪಾಜಿ, ಮಾರೋದು ನನಗ ಬಿಡ್ರಿ" ಎಂದೆ. ಆ ಮಾತಿಗೆ ನಾನು ಇನ್ನೂ ಋಣಿ. ಅದಕ್ಕೇ ಈಗ ಇಷ್ಟು ಹೆದರಿಕೆ.

ಹೋದ ರವಿವಾರ ಅಂಬುಬಾಯಿಯವರು ಬಂದಿದ್ದರು. ಎರಡನೆಯ ಮಹಡಿಯ ಭಾಲ್ಕಿಯವರು, ನಿಮ್ಮವ್ವನ ತವರಿನ ಕಡೆಯವರು, ಉಪ್ಪಿನಕಾಯಿ ಕಳಿಸುತ್ತಾರಲ್ಲ ಅವರು. ಬಿಡುಗಡೆಗೆ ಮೊದಲೇ ಒಂದು ಪ್ರತಿ ಕೊಟ್ಟಿದ್ದೆ. ಕನ್ನಡಕವನ್ನು ಪುಸ್ತಕದೊಳಗೇ ಇಟ್ಟುಕೊಂಡು ಬಂದರು. ನಾನು ಹೊಗಳಿಕೆ ಕೇಳಲು ಕುರ್ಚಿ ಸರಿಮಾಡಿಕೊಂಡೆ.

"ಅಮರೇಶಪ್ಪನೋರ, ಏಳನೇದರಾಗ ಇದೇನು ಬರದೀರಿ?" ಎಂದರು. "ಬಳಿ ಹೆಚ್ಚಿದವು, ಬಳಿ ಹೆಚ್ಚಿದವು ಅಂತ ಹಬ್ಬ ಮಾಡಿಬಿಟ್ಟೀರಿ."

"ಹೆಚ್ಚಿದ್ರ ಹಬ್ಬ ಅಲ್ಲೇನ್ರಿ ಅಕ್ಕಾರ?"

"ಯಾರ ಮನ್ಯಾಗ? ಹೆಚ್ಚಿದವು ಅಂದ್ರ ಒಡದವು ಅಂತ್ರಿ. ಮುತ್ತೈದಿ ಬಾಯಿಂದ ಬಳಿ ಒಡದವು ಅಂತ ಬರಬಾರದು, ಅದಕ್ಕ ಹಂಗಂತೀವಿ. ದೀಪ ಆರಸು ಅಂತೀವೇನು? ದೊಡ್ಡದು ಮಾಡು ಅಂತೀವಿ. ನಿಮ್ಮವ್ವ ಒಮ್ಮೆನೂ ಅಂದಿಲ್ಲೇನು?"

"ನಮ್ಮವ್ವನ ಕೈಯಾಗ ಬಳಿ ಇದ್ದದ್ದು ನಾ ನೋಡಿಲ್ರಿ," ಎಂದೆ.

ಅವರು ಪುಸ್ತಕ ಮುಚ್ಚಿದರು. ಆಮೇಲೆ, "ಹೋಗಲಿ ಬಿಡ್ರಿ, ಗಂಡಸರಿಗೇನು ತಿಳಿತದ," ಎಂದು ಎದ್ದರು. ಕನ್ನಡಕ ಮರೆತು ಹೋದರು. ಅದನ್ನು ವಾಪಸು ಕೊಡಲು ಕೆಳಗಿಳಿಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನನ್ನ ಅಜ್ಞಾನದ ಕಾರಣ ಅಷ್ಟೇ ಪುಟ್ಟಿ. ನಾನು ಎರಡು ವರ್ಷದವನಿದ್ದಾಗ ನಮ್ಮಪ್ಪ ತೀರಿಕೊಂಡರು. ರಾಯಚೂರಿನ ಆ ಎರಡು ಕೋಣೆಯಲ್ಲಿ ನಾನು, ಅವ್ವ, ವಿಧವೆಯಾದ ಸೋದರತ್ತೆ. ಬಳೆಯೇ ಇಲ್ಲದ ಮನೆಯಲ್ಲಿ ಬಳೆಯ ಮಾತು ಎಲ್ಲಿಂದ ಬರಬೇಕು.

ಈ ಕಾದಂಬರಿ ಹುಟ್ಟಿದ್ದು ನಿಮ್ಮವ್ವನ ಕ್ಯಾಲೆಂಡರುಗಳಿಂದ ಎಂದು ನಿನಗೆ ಗೊತ್ತು. ಉಮಾ ತೀರಿಹೋದ ಮೇಲೆ ಅಡುಗೆಮನೆಯ ಅಟ್ಟದಲ್ಲಿ ಸುರುಳಿ ಸುತ್ತಿ ದಾರ ಕಟ್ಟಿದ್ದ ಹದಿನಾಲ್ಕು ವರ್ಷದ ಕ್ಯಾಲೆಂಡರುಗಳು ಸಿಕ್ಕವು. ಒಂದೊಂದು ತಾರೀಖಿನ ಮನೆಯಲ್ಲಿ ಎರಡು ಮೂರು ಶಬ್ದ. 'ಗ್ಯಾಸ್ ಬಂತು.' 'ಪುಟ್ಟಿಗೆ ಹಲ್ಲು ಬಿತ್ತು.' 'ಇವರದು ಬರವಣಿಗೆ.' ಅದರ ನಡುವೆ ಅಲ್ಲೊಂದು ಇಲ್ಲೊಂದು, 'ಬಳಿ ಹೆಚ್ಚಿದವು.' ಹದಿನಾಲ್ಕು ವರ್ಷದಲ್ಲಿ ಹನ್ನೊಂದು ಸಲ. ನಾನು ಮರುಳ, ಅವಳು ಬಳೆಗಾರನ ಹತ್ತಿರ ಕೊಂಡು ಸಂತೋಷದಿಂದ ಬರೆದಿಟ್ಟಿದ್ದಾಳೆ ಎಂದುಕೊಂಡೆ. ಕಾದಂಬರಿಯಲ್ಲಿ ಅಷ್ಟನ್ನೂ ಗಂಡನ ಕೈಯಿಂದ ಕೊಡಿಸಿದೆ. ಒಂದು ಸಲ ಲಾಡ್ ಬಜಾರಿನಿಂದ ತರುತ್ತಾನೆ, ಒಂದು ಸಲ ಬೀದರಿನ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬರುತ್ತಾನೆ. ನಿಜದಲ್ಲಿ ನಾನು ಅವಳಿಗೆ ಒಂದು ದಿನವೂ ಬಳೆ ಕೊಂಡವನಲ್ಲ. ಕಡೆಗೆ ಪುಸ್ತಕಕ್ಕೂ 'ಹೆಚ್ಚಿದ ಬಳೆಗಳು' ಎಂದೇ ಹೆಸರಿಟ್ಟೆ. ಮುಖಪುಟದ ಮೇಲೆ ನೀನು ಹಾಕಿಸಿದ ಸಾಲು, ಒಂದು ಸುಖೀ ಸಂಸಾರದ ನಿಜ ಕಥೆ.

ಅಂಬುಬಾಯಿ ಹೋದ ಮೇಲೆ ಕ್ಯಾಲೆಂಡರುಗಳನ್ನು ನೆಲದ ಮೇಲೆ ಹರಡಿ ಕುಳಿತೆ. ಸುರುಳಿಗಳು ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದವು, ನಾಲ್ಕು ಮೂಲೆಗೆ ಡಬ್ಬಿ ಇಟ್ಟೆ. ಹನ್ನೊಂದರಲ್ಲಿ ಒಂಬತ್ತು ದಿನ ಕೆಂಪು ಅಕ್ಷರದ ದಿನ. ಅಂದರೆ ರಜೆ. ಅಂದರೆ ನಾನು ಬರೆಯುತ್ತಿದ್ದ ದಿನ.

ಬಳೆ ಏನು, ರೊಟ್ಟಿ ಬಡಿಯುವಾಗ ಒಡೆಯುತ್ತವೆ, ಪಾತ್ರೆ ತಿಕ್ಕುವಾಗ ಒಡೆಯುತ್ತವೆ. ರಜೆಯ ದಿನ ಮನೆಗೆಲಸ ಹೆಚ್ಚು. ಹೀಗೆಂದು ನಾಲ್ಕು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಇಂಗ್ಲಿಷಿನಲ್ಲಿ ಪ್ಯಾಸಿವ್ ವಾಯ್ಸ್ ಎಂದು ಕಲಿಸಿದ್ದರು. ಅದರಲ್ಲಿ ಕೆಲಸ ಆಗಿರುತ್ತದೆ, ಮಾಡಿದವನ ಹೆಸರು ಬೇಕಾದರೆ ಬರೆಯಬಹುದು, ಬಿಟ್ಟರೂ ಮಾರ್ಕು ಹೋಗುವುದಿಲ್ಲ. ನಿಮ್ಮವ್ವ ಕಾಲೇಜು ಕಂಡವಳಲ್ಲ. ಹನ್ನೊಂದು ಸಲವೂ ಹೆಸರು ಬಿಟ್ಟಿದ್ದಾಳೆ.

ಈಗ ನನ್ನ ನಿಜವಾದ ಹೆದರಿಕೆ. ಜೂನಿನಲ್ಲಿ ಪ್ರೂಫ್ ನೋಡುತ್ತಿದ್ದಾಗ ನೀನು ಒಮ್ಮೆ ಫೋನ್ ಮಾಡಿದ್ದೆ. "ಅಪ್ಪಾಜಿ, ಏಳನೇ ಅಧ್ಯಾಯದಾಗ ಈ ಹೆಚ್ಚಿದವು ಅನ್ನೋದು ಹಿಂಗ ಇರಲೇನ್ರಿ?" ಎಂದು ಕೇಳಿದೆ. "ಇರಲಿ, ಅದು ನಿಮ್ಮವ್ವನ ಮಾತು," ಎಂದೆ ನಾನು. ನೀನು ಬಹಳ ಹೊತ್ತು ಸುಮ್ಮನಿದ್ದೆ. ಲೈನ್ ಕಟ್ಟಾಯಿತೆಂದು ನಾನು ಹಲೋ ಹಲೋ ಎಂದೆ. "ಆತ್ರಿ," ಎಂದು ಇಟ್ಟುಬಿಟ್ಟೆ. ಆಗ ನನಗೆ ಅದು ಮಗಳು ತಾಯಿಯನ್ನು ನೆನೆಸಿಕೊಂಡ ಮೌನ ಎನಿಸಿತ್ತು. ನೀನು ತಾಯಿಯ ಜೊತೆ ಅಡುಗೆಮನೆಯಲ್ಲಿ ಬೆಳೆದವಳು. ನಿನಗೆ ಆ ಮಾತು ಗೊತ್ತಿತ್ತೇ? ಗೊತ್ತಿದ್ದೂ ಅಲ್ಪಪ್ರಾಣ ಮಹಾಪ್ರಾಣ ತಿದ್ದಿ, ರೀಲು ಮಾಡಿ, ಬಳೆ ಹಂಚಲು ಹೊರಟಿದ್ದೀಯಾ? ಹಾಗಿದ್ದರೆ ಆ ರವಿವಾರ ವೇದಿಕೆಯ ಮೇಲೆ ನೀನು ಏನು ಓದಲಿದ್ದೀ, ಓದಿದ ಮೇಲೆ ಜನರಿಗೆ ಏನು ಹೇಳಲಿದ್ದೀ ಎಂದು ರಾತ್ರಿಯಿಡೀ ಯೋಚಿಸುತ್ತೇನೆ. ಗೊತ್ತಿರಲಿಲ್ಲವಾದರೆ, ಈಗ ನಾನೇ ಹೇಳಿದ ಹಾಗಾಯಿತು. ಎರಡರಲ್ಲಿ ಯಾವುದು ಆಗಿರಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ದೇವರ ಮುಂದೆಯೂ ಸುಮ್ಮನೆ ನಿಂತು ಬರುತ್ತೇನೆ.

ಬಿಡುಗಡೆ ಮುಂದಕ್ಕೆ ಹಾಕಿರೆಂದು ಸಂಘದವರಿಗೆ ಇವತ್ತು ನಾನೇ ಹೇಳುತ್ತೇನೆ. ಕಾರ್ಡು ಹಂಚಿಯಾಗಿದೆ, ಬೈಯುತ್ತಾರೆ, ಬೈಯಲಿ. ಆದರೆ ನೀನು ೨೩ರ ಶನಿವಾರದ ಟಿಕೆಟ್ ರದ್ದು ಮಾಡಬೇಡ. ಪುಸ್ತಕಕ್ಕಲ್ಲದಿದ್ದರೂ ಬಾ. ಬಂದು ಬೈ. ಬರದೆ ಸುಮ್ಮನಿರಬೇಡ. ನಿಮ್ಮವ್ವ ಸುಮ್ಮನಿದ್ದದ್ದೇ ಸಾಕಾಗಿದೆ.

ಚಿನ್ಮಯಿಗೆ ನನ್ನ ಮುದ್ದು. ದೀಪಕ ಅವರಿಗೆ ಈ ಕಾಗದ ತೋರಿಸುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಕೈ ತುಂಬಿರಲಿ ಎಂದು ಹರಸುವ

ನಿನ್ನ ಅಪ್ಪಾಜಿ,
ಅಮರೇಶಪ್ಪ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ರೊಟ್ಟಿ ಬಡಿಯುವಾಗ ಒಡೆಯುತ್ತವೆ ಎಂದು ಮೇಲೆ ಬರೆದದ್ದು ಸುಳ್ಳು. ಹತ್ತು ದಿನಗಳ ವಿಷಯ ನನಗೆ ನೆನಪಿಲ್ಲ, ಇಲ್ಲವೆಂಬುದೇ ಇನ್ನೊಂದು ಹೆದರಿಕೆ. ಒಂದು ದಿನ ನೆನಪಿದೆ. ಗಣೇಶ ಚೌತಿ, ನೀನು ಒಂದನೆಯ ಇಯತ್ತೆ. ನಿನಗೆ ಮೈ ಸುಡುವ ಜ್ವರ. ಅವಳು ನನ್ನ ಮೇಜಿನ ಹತ್ತಿರ ಬಂದು, "ಏಳ್ರಿ, ಕೂಸಿನ ಕಣ್ಣು ಮ್ಯಾಲ ಹೋಗ್ಯಾವು, ದವಾಖಾನಿಗೆ ಹೋಗೂಣು," ಎಂದು ಬರೆಯುತ್ತಿದ್ದ ಹಾಳೆಯ ಮೇಲೆ ಕೈ ಇಟ್ಟಳು. ನಾನು ಮುಂಗೈ ಹಿಡಿದು ಹಿಂಡಿ, ಆ ಕೈಯನ್ನು ಮೇಜಿನ ಅಂಚಿಗೆ ಒಗೆದೆ. ಗಾಜಿನ ಸದ್ದು ಕೇಳಿದೆ. ಅವಳು ನಿನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬಳೇ ಆಟೋ ಹಿಡಿದಳು. ನಾನು ಅಂಗೈಯಿಂದ ಹಾಳೆಯ ಮೇಲಿನ ಚೂರು ಸರಿಸಿ, ಆ ವಾಕ್ಯ ಪೂರ್ತಿ ಮಾಡಿದೆ. ಆ ಹಳೆಯ ಹಾಳೆಯಿಂದ ಅದನ್ನು ಈ ಪುಸ್ತಕಕ್ಕೆ ಎತ್ತಿಕೊಂಡಿದ್ದೇನೆ ಪುಟ್ಟಿ, ನಲವತ್ತೊಂದನೆಯ ಪುಟ. ಬಹಳ ಚೆನ್ನಾದ ವಾಕ್ಯ ಎಂದು ನೀನು ಪ್ರೂಫಿನಲ್ಲಿ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೀ.