ಎರಾಸಿನೋಸ್ ಎಲ್ಲಿಂದ ಬರುತ್ತದೆ

ಮಾರ್ಚ್ 4, ಬೆಳಗ್ಗೆ
ಕಾಫಿ. ಕೋಳಿಗಳಿಗೆ ಕಾಳು. ಸ್ಟಿಂಫಾಲಿಯ ಕೆರೆ ಏರಿದೆ, ಬೆಟ್ಟದ ಬುಡದ ಬಿಲ ಗಟಗಟ ನುಂಗುತ್ತಿದೆ. ಇಲ್ಲಿ ಮಾಯವಾದ ನೀರೇ ನೆಲದಡಿ ಹರಿದು ದೂರದ ಕೆಫಲಾರಿಯಲ್ಲಿ ಎರಾಸಿನೋಸ್ ನದಿಯಾಗಿ ಏಳುವುದು. ಗ್ರೀಸಿನ ಹಳಬರು ಎಂದೋ ಬರೆದಿಟ್ಟಿದ್ದಾರೆ. ಇಡೀ ಸರ್ವಿಸ್ ಶಾಲೆ ಮಕ್ಕಳಿಗೆ ಅದನ್ನೇ ಬಾಯಿಪಾಠ ಮಾಡಿಸಿದೆ.

ಅಲ್ಲಿ ಬುಗ್ಗೆಯ ಬಾಯಲ್ಲೇ ತಂಗಿ ಅರೆಟಿಯ ಮೀನಿನ ಕೊಳ. ಅವಳ ಗಂಡ ಸ್ಟಮಾಟಿಸ್ — ನನ್ನನ್ನು ನೋಡಲು ಬಂದು ಅವಳನ್ನು ಮೆಚ್ಚಿ ಹೋದವನು.

ಮಾರ್ಚ್ 5
ಅರೆಟಿ ಫೋನ್. "ಇಪ್ಪತ್ತೈದರ ಹಬ್ಬಕ್ಕೆ ಬಾರೆ ಅಕ್ಕಾ. ಉಪವಾಸದಲ್ಲೂ ಮೀನು ತಿನ್ನೋ ದಿನ. ನಮ್ಗೆ ವರ್ಷದ ವ್ಯಾಪಾರ ಎಲ್ಲಾ ಆವತ್ತೇ. ಇವ್ರೂ ಕೇಳ್ತಿರ್ತಾರೆ, ನಿಮ್ಮಕ್ಕ ಇನ್ನೂ ಒಬ್ಳೇನಾ ಅಂತ." ನಗು ಬೇರೆ.

ಮಾರ್ಚ್ 8
ಹಿಂದೆ ಸ್ಪಾರ್ಟಾದ ರಾಜ ಆರ್ಗೋಸ್ ಮೇಲೆ ದಂಡೆತ್ತಿ ಬಂದಾಗ ಎರಾಸಿನೋಸ್ ನದಿ ತನ್ನನ್ನು ದಾಟಲು ಒಳ್ಳೆಯ ಶಕುನ ಕೊಡಲಿಲ್ಲ. ತನ್ನವರನ್ನು ಬಿಟ್ಟುಕೊಡದ ನದಿಯನ್ನು ರಾಜ ಮೆಚ್ಚಿದ. ಆದರೂ ಹಡಗು ಹತ್ತಿ ಸುತ್ತಿ ಬಂದು ಆರ್ಗೋಸ್‌ನವರನ್ನು ಕೊಂದ.

ನನಗೆ ಹಡಗು ಬೇಡ. ಕುರಿಯ ಉಣ್ಣಿ ಸಾಯಿಸುವ ಔಷಧಿ ಸಾಕು. ಇದ್ದಷ್ಟನ್ನೂ ಬಿಲಕ್ಕೆ ಸುರಿದು ಬಂದೆ. ಹಾಯೆನಿಸಿತು. ಎರಡು ಬಟ್ಟಲು ಹುರುಳಿಕಾಯಿ ಸಾರು ಕುಡಿದೆ.

ಮಾರ್ಚ್ 14
ಮೀನೆಲ್ಲ ಸತ್ತವು. ಅರೆಟಿ ಗೋಳೋ ಎಂದು ಅತ್ತಳು. ರಿಸೀವರ್ ಕಿವಿಗೊತ್ತಿ ಪೂರ್ತಿ ಕೇಳಿದೆ.

"ಪಕ್ಕದ ಕಿತ್ತಳೆ ತೋಟದ ಫೋಟಿಸ್‌ದೇ ಕೆಲ್ಸ! ದಿನಾ ಔಷ್ಧಿ ಹೊಡಿತಾನೆ, ಹಾಳಾದೋನು. ಇವ್ರು ಬಡಿದಿದ್ದಕ್ಕೆ ಅವನ್ದು ಒಂದು ಕಣ್ಣೇ ಹೋಯ್ತು. ಪೊಲೀಸ್ನೋರು ಇಬ್ರನ್ನೂ ಹಿಡ್ಕೊಂಡ್ಹೋದ್ರು ಅಕ್ಕಾ..."

ಫೋಟಿಸ್ ಯಾರೋ. ಅವನ ಮೇಲೆ ನನಗೇನೂ ಕೋಪವಿರಲಿಲ್ಲ.

ಮಾರ್ಚ್ 17
ಆರ್ಗೋಸ್‌ನಿಂದ ಪೊಲೀಸ್ ಅಧಿಕಾರಿ ಬಂದಿದ್ದ. ಆರ್ಗಿರಿಸ್, ನನ್ನ ಹಳೇ ಶಿಷ್ಯ.

"ವಿಷ ನಿಮ್ಮ ಕೆರೆಯಿಂದ ಬಂದಿರ್ಬೋದಾ ಮೇಡಂ? ಹಂಗಿದ್ರೆ ಫೋಟಿಸ್ ಬಚಾವು. ಪಾಪ, ಕಣ್ ಬೇರೆ ಹೋಗಿದೆ."

"ಅದೆಲ್ಲ ಅಜ್ಜಿಕಥೆ ಕಣೋ. ಇಲ್ಲಿನ ನೀರು ಅಲ್ಲಿಗ್ಯಾಕೆ ಹೋಗುತ್ತೆ?"

ನನ್ನನ್ನೇ ನೋಡಿದ. ನಂತರ ಹೇಳಿದ, "ಇವತ್ತು ಬೆಳಗ್ಗೆ ಬಿಲಕ್ಕೆ ಹಸಿರು ಬಣ್ಣ ಸುರಿಸಿದೀನಿ. ಎಲ್ಲಿ ಏಳುತ್ತೋ ನೋಡೋಣ."

ಮಾರ್ಚ್ 23
ಬೆಳಗ್ಗೆಯಿಂದ ಫೋನಿನ ಪಕ್ಕ ಕೂತಿದ್ದೇನೆ. ದೇವರೇ, ಹಳಬರು ಸುಳ್ಳು ಬರೆದಿರಲಿ. ಆ ಫೋಟಿಸ್ ಜೈಲಿನಲ್ಲಿ ಕೊಳೆತರೂ ಸರಿ.

11:20
ಅರೆಟಿ. ಅಳುತ್ತಿರಲಿಲ್ಲ.

"ನದಿ ಪೂರಾ ಹಸಿರು, ಅಕ್ಕಾ. ನೀನು ನೀರು ಬರಲ್ಲ ಅಂದ್ಯಂತೆ. ಯಾಕೆ ಸುಳ್ಳು ಹೇಳ್ದೆ?"

ಅವಳು ಇನ್ನೂ ಫೋನ್ ಇಟ್ಟಿಲ್ಲ. ನಾನೂ ಇಟ್ಟಿಲ್ಲ. ಎಡಗೈಯಲ್ಲಿ ರಿಸೀವರ್, ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅವಳ ಉಸಿರು ಕೇಳಿಸುತ್ತಿದೆ. ಅವಳ ಹಿಂದಿನಿಂದ ಆರ್ಗಿರಿಸ್ ಏನೋ ಅಂದ. "ಹೇಳೇ," ಅಂದಳು. "ನೀನೇನಾ—"