ದಾಳಿಂಬೆಯ ಗುಳಿ

1773 ಆಗಸ್ಟ್ 17, ಬೆಳಗ್ಗೆ

ಹಳೇ ನಾಣ್ಯಗಳ ಇಪ್ಪತ್ತಾರು ಗಂಧಕದ ಅಚ್ಚು ಹೊಯ್ದೆ. ಎರಡು ಒಡೆದವು. ಗಂಧಕ ಕಳಪೆ — ಮಾರುವವನೂ ಕಳಪೆ. ಕೆಂಪು ಬಣ್ಣ ಕಡಿಮೆ ಬಿದ್ದು ಅಚ್ಚಿನಲ್ಲಿರುವ ಗ್ರೀಕ್ ರಾಜರೆಲ್ಲ ಕಾಮಾಲೆ ಹಿಡಿದವರ ಹಾಗೆ ಕಾಣುತ್ತಿದ್ದಾರೆ. ಜೆಸ್ವಿಟ್ ಕಾಲೇಜಿನ ನಾಣ್ಯಸಂಗ್ರಹ ನೋಡಿಕೊಳ್ಳುವ ಫಾದರ್ ಪ್ರುಕ್ನರ್‌ಗೆ ಇಷ್ಟು ಸಾಕು. ಇವನ್ನು ಫ್ಲಾರೆನ್ಸಿನ ಇನ್ನೊಬ್ಬ ಹುಚ್ಚನಿಗೆ ಕಳಿಸುತ್ತಾನೆ. ಅವನು ಎಂಟು ಹಾಳೆ ಹೊಗಳಿ ಬರೆಯುತ್ತಾನೆ. ಇವನು ಅದನ್ನು ಕಾಲೇಜಿನ ಊಟದ ಮನೆಯಲ್ಲಿ ಗಟ್ಟಿಯಾಗಿ ಓದಿಸುತ್ತಾನೆ. ವಿದ್ವತ್ತು ಅಂದರೆ ಇದೇ.

ಮಧ್ಯಾಹ್ನ

ಅಚ್ಚು ಕೊಡಲು ಹೋದೆ. ನಾಣ್ಯದ ಕೋಣೆಯಲ್ಲಿ ಆಸಾಮಿ ಕಿಟಕಿಗೆ ಅಂಟಿಕೊಂಡು ಕೂತಿದ್ದ. ಬಾಯಲ್ಲಿ ಸೋಂಪಿನ ಮಿಠಾಯಿ. ಯಾವತ್ತು ನೋಡಿದರೂ ಒಂದು ಕೆನ್ನೆ ಊದಿಕೊಂಡೇ ಇರುತ್ತದೆ.

"ಲೋರೆನ್ಸ್, ಈ ಗೂಬೆಯ ಎಡಗಣ್ಣು ನೋಡು. ಅಚ್ಚಿನಲ್ಲಿ ಬಂದಿಲ್ಲ."

"ನಾಣ್ಯದಲ್ಲೇ ಸವೆದು ಹೋಗಿದೆ, ಫಾದರ್."

"ಇಲ್ಲಪ್ಪ, ಇದೆ. ಓರೆ ಬೆಳಕಿಗೆ ಹಿಡಿ, ಕಾಣುತ್ತೆ."

ಎರಡು ಸಾವಿರ ವರ್ಷದ ಹಿಂದಿನ ಗೂಬೆಯ ಎಡಗಣ್ಣು! ಎದುರಿಗೆ ನಿಂತವನ ಮೊಣಕೈ ಗಂಧಕ ಸಿಡಿದು ಬೊಬ್ಬೆ ಎದ್ದಿದೆ, ಅದು ಕಾಣಲಿಲ್ಲ.

ಹಿಂದಿನ ಫಾದರ್ ಕಾಲದಲ್ಲಿ ಚಿನ್ನ ಒಂದು ಕಡೆ, ಬೆಳ್ಳಿ ಒಂದು ಕಡೆ, ತಾಮ್ರ ಒಂದು ಕಡೆ. ದೊಡ್ಡದು ಮುಂದೆ, ಚಿಕ್ಕದು ಹಿಂದೆ. ನೋಡಲು ಚೆಂದ. ಇವನು ಬಂದವನೇ ಎಲ್ಲ ಕಲಸಿಬಿಟ್ಟ. ಈಗ ಊರಿನ ಪ್ರಕಾರ. ಸ್ಪೇನಿನಿಂದ ಹೊರಟು ಕಡಲ ಕರೆ ಹಿಡಿದು ಗ್ರೀಸು, ಏಷ್ಯಾ, ಈಜಿಪ್ಟು — ಹಲಗೆಯಿಂದ ಹಲಗೆಗೆ ಪ್ರಯಾಣ. ಹೀಗೆ ಜೋಡಿಸಲು ಹದಿನೆಂಟು ವರ್ಷ ಬೇಕಾಯಿತು. ಸ್ವತಃ ಡಾನ್ಯೂಬ್ ನದಿ ದಾಟಿದವನಲ್ಲ. ದೋಣಿ ಕಂಡರೆ ವಾಂತಿ.

ಇನ್ನೊಂದು ಶಿಸ್ತು ಇದೆ. ಹಲಗೆಯಲ್ಲಿ ಪ್ರತಿ ನಾಣ್ಯಕ್ಕೂ ಒಂದು ಗುಂಡನೆಯ ಗುಳಿ. ನಾಣ್ಯ ಎದ್ದು ಹೊರಗೆ ಹೋದರೆ ಅದರ ಗುಳಿಯಲ್ಲಿ ಒಂದು ನೀಲಿ ಚೀಟಿ ಕೂರಬೇಕು. ತಲೆಬರಹ "ಆಬೆಸ್ತ್". ಲ್ಯಾಟಿನ್ನು — ಇಲ್ಲಿಲ್ಲ ಅಂತ. ಆಬ್ಸುಮ್, ಆಬೆಸ್, ಆಬೆಸ್ತ್... ಇದೇ ಕಾಲೇಜಿನಲ್ಲಿ ಎರಡು ವರ್ಷ ಬೆತ್ತದ ಏಟು ತಿಂದು ಕಲಿತದ್ದು, ಅಲ್ಲಿಗೆ ನಿಂತಿತು. ಕೆಳಗೆ ಮೂರು ಸಾಲು: ಯಾವ ನಾಣ್ಯ. ಯಾರ ಹತ್ತಿರ, ಯಾವತ್ತಿನಿಂದ. ಯಾತಕ್ಕೆ. ಚೀಟಿ ಇಲ್ಲದೆ ರಾಜನೂ ಹೊರಡುವಂತಿಲ್ಲ.

ಆದರೆ ಒಂದು ಹೊರಟಿದೆ. ಹನ್ನೊಂದು ವರ್ಷವಾಯಿತು. ಮಹಾ ವಿದ್ವಾಂಸನಿಗೆ ಇನ್ನೂ ಗೊತ್ತಾಗಿಲ್ಲ.

ಆಗಸ್ಟ್ 20, ಶುಕ್ರವಾರ

ನಾದಿನಿ ವಾಲ್ಬುರ್ಗಾ ಮೀನು ತಂದಳು. ಡಾನ್ಯೂಬಿನ ಮೀನು, ಅರ್ಧ ಮುಳ್ಳು. ಉಪ್ಪಿಗೆ ಕೈ ಹಾಕಿದವಳು ಡಬ್ಬಿಯ ತಳ ಕೆದಕಿದಳು.

"ಭಾವ, ಈ ದರಿದ್ರ ಇನ್ನೂ ಇಲ್ಲೇ ಇದೆಯಲ್ಲ! ಕರಗಿಸಿ ಒಂದು ಚಮಚಾನಾದ್ರೂ ಮಾಡಿಸಬಾರದಾ?"

"ಮುಟ್ಟಬೇಡ."

"ಮುಟ್ಟೋದಿಲ್ಲಪ್ಪ. ಅಕ್ಕ ಬದುಕಿದ್ದಾಗ ಅವಳಿಗೊಂದು ಓಲೆ ತಂದವರಲ್ಲ ನೀವು. ಸತ್ತ ಮೇಲೆ ಬೆಳ್ಳಿ ಬಚ್ಚಿಟ್ಟುಕೊಂಡು ಕೂತಿದೀರಿ."

ಇವಳ ನಾಲಗೆಗೆ ಗಂಧಕ ಹೊಯ್ದರೆ ಒಳ್ಳೆಯ ಅಚ್ಚು ಬರುತ್ತದೆ.

ಆ ನಾಣ್ಯವನ್ನು ಮೇಣದ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಉಪ್ಪು ಹತ್ತದ ಹಾಗೆ. ಸೀಡೆ ಅನ್ನುವ ಊರಿನ ಬೆಳ್ಳಿ. ಹೆಬ್ಬೆರಳಿನ ಉಗುರಿಗಿಂತ ಚೂರು ದೊಡ್ಡದು. ಒಂದು ಮುಖಕ್ಕೆ ದಾಳಿಂಬೆ, ಇನ್ನೊಂದಕ್ಕೆ ಶಿರಸ್ತ್ರಾಣ ತೊಟ್ಟ ದೇವಿ.

1762, ಮಾರ್ಚ್ 9. ಹೆಂಡತಿ ತೆರೇಸಿಯಾಗೆ ಎದೆಜ್ವರ. ನಮ್ಮ ಕೇರಿಯ ಪಾದ್ರಿ ಊರಲ್ಲಿರಲಿಲ್ಲ. ಕಾಲೇಜಿಗೆ ಓಡಿದೆ. ಫಾದರ್, ಕೊನೆಗಳಿಗೆಯ ಪವಿತ್ರ ತೈಲ ತೆಗೆದುಕೊಂಡು ಬನ್ನಿ, ಹೋಗಿಬಿಡುತ್ತಾಳೆ. ಇವನ ಕೈಯಲ್ಲಿ ಆಗ ತಾನೇ ಬಂದ ದಾಳಿಂಬೆ. ತಲೆ ಎತ್ತಲಿಲ್ಲ. "ಬಂದೆ, ಲೋರೆನ್ಸ್. ಇದೊಂದು ಹಲಗೆ ಮುಗಿಸಿ ಬಂದೆ." ನಾನು ವಾಪಸ್ ಓಡಿದೆ. ಅವನು ಬಂದಾಗ ಕೇರಿಯ ಹೆಂಗಸರು ಅವಳ ಗಲ್ಲಕ್ಕೆ ಬಟ್ಟೆ ಕಟ್ಟಿ ಆಗಿತ್ತು. ತೈಲವಿಲ್ಲದೆ ಹೋದಳು.

ಅಂತ್ಯಕ್ರಿಯೆಯ ಮಾರನೇ ದಿನ ಕೂಲಿ ಕೇಳುವ ನೆಪದಲ್ಲಿ ಹೋಗಿ ಎತ್ತಿಕೊಂಡು ಬಂದೆ. ಅಷ್ಟು ದೊಡ್ಡದಾಗಿ ಕಂಡಿತಲ್ಲ ಅವನಿಗೆ ಆ ಹಣ್ಣು — ಹುಡುಕಲಿ, ಒದ್ದಾಡಲಿ ಅಂತ. ಹುಡುಕಲಿಲ್ಲ. ಆ ಹಲಗೆಯನ್ನು ಆಮೇಲೆ ಅಚ್ಚಿಗೂ ಕಳಿಸಲಿಲ್ಲ. ಒಂದು ಸಾವಿಗಿಂತ ದೊಡ್ಡದಾಗಿದ್ದ ಹಲಗೆ, ಮಾರನೇ ವಾರಕ್ಕೇ ಮರೆತು ಹೋಯಿತು!

ಸೆಪ್ಟೆಂಬರ್ 14

ಊರೆಲ್ಲ ಅದೇ ಮಾತು. ರೋಮಿನಲ್ಲಿ ಪೋಪು ಒಂದು ಕಾಗದಕ್ಕೆ ಸಹಿ ಹಾಕಿ ಇಡೀ ಯೇಸು ಸಭೆಯನ್ನೇ ಮುಚ್ಚಿದರಂತೆ. ಇನ್ನು ಜೆಸ್ವಿಟರು ಅಂತ ಯಾರೂ ಇಲ್ಲ. ಮನೆ, ತೋಟ, ಪುಸ್ತಕ, ಹೆಂಡದ ಪೀಪಾಯಿ — ಎಲ್ಲ ಮಹಾರಾಣಿಯ ಸರ್ಕಾರಕ್ಕೆ. ಕಾಫಿ ಅಂಗಡಿಯಲ್ಲಿ ಜನ ಕುಣಿಯದಿದ್ದದ್ದೇ ಹೆಚ್ಚು. ನಿನ್ನೆಯವರೆಗೆ ಇವರ ಕೈಗೆ ಮುತ್ತಿಡಲು ಕ್ಯೂ ನಿಂತಿದ್ದವರೇ.

ನಾನು ಕುಣಿಯಲಿಲ್ಲ. ಒಂದು ಲೋಟ ಹೆಚ್ಚು ಕುಡಿದೆ, ಅಷ್ಟೇ.

ಸೆಪ್ಟೆಂಬರ್ 22

ಕಾಲೇಜಿನ ಬಾಗಿಲು ಕಾಯುವ ಬ್ರದರ್ ಕಿಲಿಯಾನ್ ಮಾರ್ಕೆಟ್ಟಿನಲ್ಲಿ ಸಿಕ್ಕ. ನಿಲುವಂಗಿ ಬಿಚ್ಚಿಸಿ ಯಾರದೋ ಹಳೇ ಕೋಟು ಕೊಟ್ಟಿದ್ದಾರೆ, ಬೆದರುಬೊಂಬೆಯ ಹಾಗಿದ್ದ. 28ಕ್ಕೆ ಸರ್ಕಾರದ ಆಯೋಗ ಬಂದು ನಾಣ್ಯ ಎಣಿಸುತ್ತದಂತೆ. ಲೆಕ್ಕ ಸರಿಯಿದ್ದರೆ ಕೋಣೆಯ ಬೀಗದ ಕೈ ಪ್ರುಕ್ನರ್ ಹತ್ತಿರವೇ ಇರುತ್ತದೆ, ಸಂಬಳದ ಮೇಲೆ. ಸರಿಯಿಲ್ಲದಿದ್ದರೆ ಟರ್ಕಿ ಗಡಿಯ ಜೌಗಿನಲ್ಲಿ ಸಿಪಾಯಿಗಳ ಪಾದ್ರಿ. ಅಲ್ಲಿಗೆ ಹೋದವರು ಎರಡು ಮಳೆಗಾಲ ನೋಡುವುದಿಲ್ಲ — ಜ್ವರ. ಹೋಗುವುದು ದೋಣಿಯಲ್ಲಿ.

"ಫಾದರಿಗೆ ಏನೂ ಭಯ ಇಲ್ಲ ಬಿಡಪ್ಪ," ಅಂದ ಕಿಲಿಯಾನ್. "ಅವರ ಲೆಕ್ಕ ತಪ್ಪಿದ್ದು ಯಾರು ಕಂಡಿದಾರೆ?"

ನಾನು ಕಂಡಿದ್ದೇನೆ. ಹೇಳಲಿಲ್ಲ. ಲೋಹ ಪರೀಕ್ಷೆಗೆ ನನ್ನನ್ನೂ ಕರೆದಿದ್ದಾರೆ. ಖಾಲಿ ಗುಳಿ ಕಂಡಾಗ ಅವನ ಮುಖ ಹೇಗಾಗುತ್ತದೋ — ಅದಕ್ಕೆ ಮುಂದಿನ ಸಾಲಿನಲ್ಲೇ ಜಾಗ.

ಸೆಪ್ಟೆಂಬರ್ 28

ಆಯೋಗದ ಸಾಹೇಬ ಸ್ಟೆಲ್ಝರ್, ಇಬ್ಬರು ಗುಮಾಸ್ತರು. ಮೂವರಲ್ಲಿ ಒಬ್ಬನಿಗೂ ಗ್ರೀಕ್ ನಾಣ್ಯಕ್ಕೂ ಕೋಟಿನ ಗುಂಡಿಗೂ ವ್ಯತ್ಯಾಸ ಗೊತ್ತಿಲ್ಲ. ಗುಳಿ ಎಣಿಸು, ನಾಣ್ಯ ಎಣಿಸು, ಎರಡೂ ಹೊಂದಿತೋ ಮುಂದೆ ನಡೆ. ನೀಲಿ ಚೀಟಿ ಕಂಡ ಕಡೆ ಹೆಸರು ಬರೆದುಕೊಂಡು ಆ ಮನುಷ್ಯನಿಗೆ ಸಿಪಾಯಿ ಕಳಿಸುವುದು. ನಾಲ್ಕು ಚೀಟಿ ಇದ್ದವು, ನಾಲ್ವರೂ ಹೆದರಿ ಓಡಿ ಬಂದು ನಾಣ್ಯ ಒಪ್ಪಿಸಿದರು. ಒಬ್ಬ ಪ್ರೊಫೆಸರ್ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬಂದಿದ್ದ. ನೋಡಲು ಕಣ್ಣಿಗೆ ಹಬ್ಬ.

ನನ್ನ ದಾಳಿಂಬೆಯ ಹಲಗೆಗೆ ಮೂರು ಗಂಟೆಗೆ ಬಂದರು. ಪ್ರುಕ್ನರ್ ತಾನೇ ಎಳೆದು ತಂದು ಮೇಜಿನ ಮೇಲಿಟ್ಟ. ಇಟ್ಟವನೇ ಬಾಯಿಗೆ ಏನೋ ಹಾಕಿಕೊಂಡ. ಮತ್ತೆ ಮಿಠಾಯಿ! ಬದುಕು ಹೋಗುವ ಹೊತ್ತಿನಲ್ಲೂ ಇವನಿಗೆ ಸೋಂಪು ಬೇಕು. ಹಸುವಿನ ಹಾಗೆ ಮೆಲ್ಲುತ್ತಾ ನಿಂತ.

"ಎಪ್ಪತ್ತೆರಡು ಗುಳಿ, ಎಪ್ಪತ್ತೊಂದು ನಾಣ್ಯ," ಅಂದ ಗುಮಾಸ್ತ.

ಸ್ಟೆಲ್ಝರ್ ಕನ್ನಡಕ ಏರಿಸಿದ. "ಇನ್ನೊಂದು ಎಲ್ಲಿ ಹೋಯ್ತು ಸ್ವಾಮಿ?"

ಪ್ರುಕ್ನರ್ ನುಂಗಿದ. "ಕಳೆದುಹೋಗಿದೆ."

"ಯಾವಾಗ?"

"ನೆನಪಿಲ್ಲ. ನನ್ನಿಂದಲೇ. ತಪ್ಪು ನಂದು."

"ಬೆಳ್ಳಿ ತಾನಾಗಿ ಕಳೆದುಹೋಗೋದಿಲ್ಲ. ರೋಮಿಗೆ ಎಷ್ಟು ಪೆಟ್ಟಿಗೆ ಸಾಗಿಸಿದ್ರಿ? ಅದನ್ನ ಹೇಳಿ."

 ಅವನ ಮುಖದಲ್ಲಿ ನಾನು ಕಾದಿದ್ದ ಗಾಬರಿ ಇಲ್ಲ. ಹನ್ನೊಂದು ವರ್ಷ ಕಾದದ್ದಕ್ಕೆ ಇಷ್ಟೇ. ಮನೆಗೆ ಬಂದು ಎರಡು ಬ್ರೆಡ್ಡು ತಿಂದೆ. ರುಚಿಸಲಿಲ್ಲ.

ಅಕ್ಟೋಬರ್ 3, ಭಾನುವಾರ

ಪೂಜೆ ಮುಗಿಸಿ ಬರುವಾಗ ಕಿಲಿಯಾನ್ ಚರ್ಚಿನ ಮೆಟ್ಟಿಲ ಮೇಲೆ ತೋಳು ಹಿಡಿದ. ಇಷ್ಟು ಗಟ್ಟಿಯಾಗಿ ಯಾವತ್ತೂ ಹಿಡಿದವನಲ್ಲ.

"ಕಾಗದ ತಿಂದ್ರು ಕಣಯ್ಯ, ಅವರು!"

"ಯಾರು? ಯಾವ ಕಾಗದ?"

"ನೀಲಿ ಚೀಟಿ. ಆವತ್ತು ಬಾಯಿಗೆ ಹಾಕ್ಕೊಂಡಿದ್ದು ಮಿಠಾಯಿ ಅಂತ ಮಾಡಿದ್ಯಾ? ಆ ಹಲಗೆ ಧೂಳು ಹೊಡೆಯೋನು ನಾನು. ನಂಗೆ ಗೊತ್ತಿಲ್ವಾ? ಗುಳೀಲಿ ಚೀಟಿ ಇತ್ತು. ನಿನ್ನ ಹೆಸರು. ಲೋರೆನ್ಸ್ ಟೋಬ್ಲರ್, ಅಚ್ಚಿಗೆ. ತಾರೀಖಿನ ಕೆಳಗೆ ತಾರೀಖು, ಹನ್ನೊಂದು. ವರ್ಷಾ ವರ್ಷಾ ಹಿರಿಯರು ತಪಾಸಣೆಗೆ ಬಂದಾಗ ಹೊಸ ತಾರೀಖು ಹಾಕಿ, ಅಚ್ಚಿನವನ ಹತ್ರ ಇದೆ, ಬರುತ್ತೆ ಅನ್ನೋರು. ಒಂದು ಸಲ ನಾನೇ ಕೇಳ್ದೆ — ಒಂದು ಅಚ್ಚಿಗೆ ಆರು ವರ್ಷ ಬೇಕಾ ಫಾದರ್, ಅಂತ."

"ಏನಂದ?"

"ಕೆಲವಕ್ಕೆ ಬೇಕಾಗುತ್ತೆ ಕಿಲಿಯಾನ್, ಅಂದ್ರು."

ಚೀಟಿ ಸ್ಟೆಲ್ಝರ್ ಕೈಗೆ ಸಿಕ್ಕಿದ್ದರೆ ಸಿಪಾಯಿ ನೇರ ನನ್ನ ಅಡುಗೆಮನೆಗೆ ಬರುತ್ತಿದ್ದ.

ಮಧ್ಯಾಹ್ನ

ಮೈ ಉರಿಯುತ್ತಿದೆ. ಕ್ಷಮಿಸು ಅಂತ ಇವನನ್ನು ಕೇಳಿದವರು ಯಾರು? ಹನ್ನೊಂದು ವರ್ಷ ನಾನು ಅವನ ಮುಂದೆ ಅಚ್ಚು ಇಟ್ಟುಕೊಂಡು ಒಳಗೊಳಗೇ ನಗುತ್ತಿದ್ದೆ. ನನ್ನ ಹೆಸರನ್ನು ಮೂರು ಹೆಜ್ಜೆ ದೂರದ ಗುಳಿಯಲ್ಲಿ ಮಲಗಿಸಿಟ್ಟು ಅವನು ಗೂಬೆಯ ಕಣ್ಣಿನ ಬಗ್ಗೆ ಮಾತಾಡುತ್ತಿದ್ದ. ಕಪಟಿ. ಜೆಸ್ವಿಟ್ ಅಂದರೆ ಹೀಗೇ — ನಿಮ್ಮ ಸೇಡನ್ನೂ ಕದ್ದು ಪಟ್ಟಿ ಮಾಡಿ ಇಟ್ಟುಕೊಳ್ಳುತ್ತಾರೆ.

ಅಕ್ಟೋಬರ್ 4

ಹೋಗಿ ಕೇಳಿಯೇ ಬಿಟ್ಟೆ. ಬಾಗಿಲಿಗೆ ಸಿಪಾಯಿ. ಅಚ್ಚಿನ ಬಾಕಿ ಕೆಲಸ ಅಂತ ಸುಳ್ಳು ಹೇಳಿದೆ. ಒಳಗೆ ಆಸಾಮಿ ತೋಳು ಉದ್ದವಾದ ಕಂದು ಕೋಟು ತೊಟ್ಟು ಮಂಚದ ಮೇಲೆ. ಒಂದು ಭೂತಕನ್ನಡಿ ಕೂಡ ಬಿಟ್ಟಿಲ್ಲ. ಕೈಗಳಿಗೆ ಏನು ಮಾಡಬೇಕೋ ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಯಾವಾಗ ಗೊತ್ತಾಯ್ತು ನಿಮಗೆ?"

"ನೀನು ತಗೊಂಡ ದಿನಾನೇ. ಕೋಣೆಗೆ ಬೇರೆ ಯಾರು ಬಂದಿದ್ರು?"

"ಮತ್ತೆ ಕೇಳಲಿಲ್ಲ ಯಾಕೆ?"

"ಯಾವ ಮುಖ ಇಟ್ಟುಕೊಂಡು ಕೇಳ್ಲಿ? ನಾಣ್ಯ ಎಲ್ಲಿ ಅಂತ ನಾನು ಕೇಳಿದ್ರೆ, ತೈಲ ಎಲ್ಲಿ ಅಂತ ನೀನು ಕೇಳ್ತಿದ್ದೆ."

 ಬೈಯಲು ಅಂತಲೇ ಮನೆಯಿಂದ ಜೋಡಿಸಿಕೊಂಡು ಹೋದ ಮಾತು ಎಷ್ಟಿತ್ತು!

"ತಡ ಮಾಡಿದೆ ಲೋರೆನ್ಸ್. ದಾಳಿಂಬೆ ನೋಡ್ತಾ ಕೂತೆ. ಬೇರೆ ಕಾರಣ ಏನೂ ಇಲ್ಲ. ಇದ್ದಿದ್ರೆ ಯಾವತ್ತೋ ಹೇಳ್ತಿದ್ದೆ."

"ನಾಳೆನೇ ತಂದು ಕೊಡ್ತೀನಿ. ನಿಮ್ಮ ಭಿಕ್ಷೆ ನಂಗೆ ಬೇಡ."

ಆಗ ಎದ್ದು ನಿಂತ. ಮೊದಲ ಸಲ ದನಿ ಏರಿಸಿದ. "ಹುಚ್ಚಾ! ಅದೀಗ ನಮ್ಮ ಮನೆಯ ನಾಣ್ಯ ಅಲ್ಲ, ಮಹಾರಾಣಿಯ ಸ್ವತ್ತು. ಕಾಲಿಗೆ ಸರಪಳಿ ಹಾಕಿ ಬೀದಿ ಗುಡಿಸಿಸ್ತಾರೆ. ಈ ವಯಸ್ಸಿಗೆ! ನಂಗೇನು, ಒಂದು ದೋಣಿ ಪ್ರಯಾಣ."

"ದೋಣಿ ಕಂಡ್ರೆ ನೀವು ವಾಂತಿ ಮಾಡ್ತೀರಿ."

"ಮಾಡ್ತೀನಿ," ಅಂದ. ನಕ್ಕ, ಕತ್ತೆ.

ಹೊರಡುವಾಗ ಬಾಗಿಲ ಹತ್ತಿರ ಕೇಳಿದ — ಎಷ್ಟು ಮೆಲ್ಲಗೆ ಅಂದರೆ ಸಿಪಾಯಿಗೆ ಕೇಳಿಸಲಿಲ್ಲ — "ದೇವಿಯ ಶಿರಸ್ತ್ರಾಣದ ಅಂಚು ಸವೆದಿಲ್ಲ ತಾನೇ?"

ಇವನು ಬದಲಾಗುವವನಲ್ಲ.

ಅಕ್ಟೋಬರ್ 10

ಐದು ದಿನ ಏನೂ ಬರೆಯಲಿಲ್ಲ. ನಾಳೆ ಹತ್ತು ಗಂಟೆಗೆ ಆಯೋಗದ ತೀರ್ಪು. ದೋಣಿ ಬುಧವಾರಕ್ಕೆ.

ವಾಲ್ಬುರ್ಗಾಗೆ ಎಲ್ಲ ಹೇಳಿದೆ. ಸೌಟು ಕೆಳಗಿಟ್ಟಳು.

"ನದಿಗೆ ಎಸೆದು ಬನ್ನಿ ಭಾವ. ಅವನು ಹೋದ್ರೆ ಹೋಗ್ಲಿ. ಅಕ್ಕನ್ನ ಹಾಗೇ ಕಳಿಸಿದೋನು."

"ಹೌದು."

"ಮತ್ತೆ?"

"ಮತ್ತೆ ಏನಿಲ್ಲ. ಹಾಗೇ ಕಳಿಸಿದ. ಅದು ಸುಳ್ಳಾಗೋದಿಲ್ಲ."

"ಮತ್ತೆ ಆ ಕೋಟಿಗೆ ಯಾಕೆ ಬ್ರಶ್ ಹಾಕ್ತಿದೀರಿ?"

 ಕೋಟು ಕಿತ್ತುಕೊಂಡು ತಾನೇ ಉಜ್ಜತೊಡಗಿದಳು. ಅಳುತ್ತಾ, ಬೈಯುತ್ತಾ. ಬೈಗುಳದಲ್ಲಿ ಅವನಿಗೆಷ್ಟು ನನಗೆಷ್ಟು ಅಂತ ತಿಳಿಯಲಿಲ್ಲ.

ಅಕ್ಟೋಬರ್ 11, ಬೆಳಗ್ಗೆ ಎಂಟು

ದಾಳಿಂಬೆ ಹೊರತೆಗೆದೆ. ಎಣ್ಣೆ ಸವರಿದೆ, ಕಾಗದದ ಅಂಚು ಕಟ್ಟಿದೆ, ಗಂಧಕ ಹೊಯ್ದೆ. ಹನ್ನೊಂದು ವರ್ಷ ಕೈಯಲ್ಲಿದ್ದೂ ನಾನು ಅಚ್ಚು ತೆಗೆಯದೆ ಬಿಟ್ಟದ್ದು ಇದೊಂದೇ. ಎರಡು ಮುಖವೂ ಚೆನ್ನಾಗಿ ಬಂತು. ಕೆಂಪು ಸರಿಯಾಗಿ ಬಿದ್ದಿದೆ. ಶಿರಸ್ತ್ರಾಣದ ಅಂಚು ಸವೆದಿಲ್ಲ — ಹೇಳಬೇಕು ಆ ಕತ್ತೆಗೆ. ಮೊದಲು ಹೇಳಬೇಕಾದ್ದು ಸ್ಟೆಲ್ಝರ್‌ಗೆ.

ಅವನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುವುದೂ ಇಲ್ಲ. ಆದರೆ ನನ್ನ ಕಳ್ಳತನವನ್ನು ಅವನು ಹೊತ್ತುಕೊಂಡು ದೋಣಿ ಹತ್ತಿದರೆ ಆಮೇಲೆ ನಾನು ಯಾರನ್ನು ಬೈದುಕೊಂಡು ಬದುಕಲಿ?

ಅಂಗಡಿಯಿಂದ ನೀಲಿ ಕಾಗದ ತಂದಿದ್ದೆ. ಅವನು ತಿಂದ ಚೀಟಿಗೆ ಬದಲು ಒಂದು ಕತ್ತರಿಸಿದೆ. ನಾಣ್ಯದ ಜೊತೆ ಇದನ್ನೂ ಸ್ಟೆಲ್ಝರ್ ಮೇಜಿನ ಮೇಲಿಡುತ್ತೇನೆ. ಶಿಸ್ತು ಅಂದರೆ ಶಿಸ್ತು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ತಪ್ಪಾಗದ ಹಾಗೆ.

ಆಬೆಸ್ತ್.

ಯಾವುದು: ಸೀಡೆ ಊರಿನ ಬೆಳ್ಳಿ, ದಾಳಿಂಬೆ.

ಯಾರ ಹತ್ತಿರ: ಲೋರೆನ್ಸ್ ಟೋಬ್ಲರ್, 1762 ಮಾರ್ಚ್‌ನಿಂದ.

ಯಾತಕ್ಕೆ: